ಗವಿರಾಯನ ಗರ್ಜನೆ

ಇಷ್ಟಕ್ಕೆಲ್ಲ ಕಾರಣ ಹೆಡ್‌ಫೋನಿನ ಪಿನ್ನು. ಅದು ಅರ್ಧ ಒಳಗಿತ್ತು, ಅರ್ಧ ಹೊರಗಿತ್ತು. ಮನೆಯಳಿಯನ ಮರ್ಯಾದೆಯ ಹಾಗೆ.

ಗಡಿಯಾಚೆ ಕಾಡಂಚಿನ ಕಾಟ್ಟಿಕುಳಂ ಜಂಕ್ಷನ್ನಿನಲ್ಲಿ ಚೆಲುವರಾಜುವಿನದು ಒಂದು ಸೀಡಿ ಅಂಗಡಿ. ಸಿನಿಮಾ ಬಾಡಿಗೆಗೆ ಕೊಡುವುದು, ಸೀಡಿಗೆ ಹಾಡು ತುಂಬಿಕೊಡುವುದು, ಜೆರಾಕ್ಸು, ಮೂಲೆಯಲ್ಲೊಂದು ಕಂಪ್ಯೂಟರು, ಅದಕ್ಕೆ ಟೆಲಿಫೋನ್ ತಂತಿಯ ಇಂಟರ್ನೆಟ್ಟು. ಗಿರಾಕಿಗಳನ್ನು ಕರೆಯಲು ಅಂಗಡಿಯ ನೆತ್ತಿಯ ಮೇಲೆ ಎಮ್ಮೆ ತಲೆಯಷ್ಟು ದೊಡ್ಡ ಎರಡು ಸ್ಪೀಕರು. ಕಟ್ಟಡ ಮಾವ ದೇವಯ್ಯನವರದು. ರಾತ್ರಿ ಮಲಗುವ ಮನೆಯೂ ಅವರದೇ, ಹೊದೆಯುವ ಕಂಬಳಿಯೂ ಅವರದೇ. ಚೆಲುವರಾಜುವಿಗೆ ಸ್ವಂತದ್ದು ಅಂತ ಇದ್ದದ್ದು ಒಂದೇ, ‘ಕಗ್ಗತ್ತಲ ಕಣಿವೆ’.

ಅದೊಂದು ಆಟ. ಪೂರ್ತಿ ಆಟವೂ ಅಲ್ಲ, ಆಟಕ್ಕೆ ಅಂಟಿಸಿದ ಬಾಲ. ಕತ್ತಿ ಹಿಡಿದು, ಮಂತ್ರ ಹಾಕಿ, ದೆವ್ವಗಳ ಜೊತೆ ಗುದ್ದಾಡುತ್ತ ಊರೂರು ಅಲೆಯುವ ಕಂಪ್ಯೂಟರ್ ಆಟವೊಂದಿತ್ತು. ಅದನ್ನು ಮಾಡಿದವರು, ಬೇಕಾದರೆ ನಿಮ್ಮದೇ ಒಂದು ಸಾಹಸ ಕಟ್ಟಿಕೊಳ್ಳಿ ಅಂತ ಅಭಿಮಾನಿಗಳಿಗೆ ಸಲಕರಣೆಯನ್ನೂ ಕೊಟ್ಟಿದ್ದರು. ಚೆಲುವರಾಜು ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಕೂತು ಕಟ್ಟಿದ. ಮಂಜು ಮುಸುಕಿದ ಕಾಡು, ಬಾಗಿಲಿಲ್ಲದ ಊರು, ಬಾವಿಯೊಳಗೆ ಅಳುವ ಹೆಂಗಸು, ಕಟ್ಟಕಡೆಗೆ ಗವಿಯಲ್ಲಿ ಕಾದಿರುವ ಮೃಗ, ಗವಿರಾಯ. ದೇಶದೇಶಗಳ ಅಭಿಮಾನಿಗಳು ನಡೆಸುವ ಸ್ಪರ್ಧೆಗೆ ಅದನ್ನು ಇವತ್ತು ಸಂಜೆ ಆರರೊಳಗೆ ಕಳಿಸಬೇಕಿತ್ತು. ಹೋದ ವರ್ಷವೂ ಒಂದು ಕಳಿಸಿದ್ದ. ಆಗ ಅವನ ರಾಕ್ಷಸ ಮೊಟ್ಟೆ ಇಡುವ ಕೋಳಿಯ ಹಾಗೆ ಕೂಗಿದ್ದರಿಂದ ತೀರ್ಪುಗಾರರು, ‘ಚಿಕ್ಕ ಮಕ್ಕಳಿಗೆ ಬಹಳ ಹಿಡಿಸುತ್ತದೆ’ ಎಂದು ಬರೆದಿದ್ದರು. ಆ ಹೊಗಳಿಕೆ ವರ್ಷವಿಡೀ ಹಲ್ಲಿನ ಸಂದಿಯ ಮೀನಿನ ಮುಳ್ಳಿನಂತೆ ಚುಚ್ಚುತ್ತಿತ್ತು.

ಈ ಸಲ ಹಾಗಾಗಬಾರದು. ಅದಕ್ಕೇ ಬೆಳಗ್ಗೆ ಬೇಗ ಬಂದು, ಕಳಿಸುವ ಮುನ್ನ ಗವಿರಾಯನ ಗರ್ಜನೆಯನ್ನು ಕೊನೆಯದಾಗಿ ಕೇಳೋಣವೆಂದು ಹೆಡ್‌ಫೋನ್ ಏರಿಸಿ ಗುಂಡಿ ಒತ್ತಿದ. ಕೇಳಿಸಿತು, ಆದರೆ ಎಲ್ಲೋ ದೂರದಿಂದ ಬಂದಂತೆ. ‘ಸಾಲದು’ ಎಂದು ದನಿ ಏರಿಸಿ ಮತ್ತೆ ಒತ್ತಿದ. ಇನ್ನೂ ಸಾಲದು. ಮೂರನೇ ಸಲ ತುದಿಯವರೆಗೂ ಏರಿಸಿ ಒತ್ತಿದಾಗ ಮೇಜಿನ ಮೇಲಿದ್ದ ಟೀ ಲೋಟ ತಾನೇ ನಡೆದುಹೋಗಿ ಕೆಳಗೆ ಬಿತ್ತು.

“ಆಹಾ!” ಎಂದ ಚೆಲುವರಾಜು.

ಅಷ್ಟರಲ್ಲಿ ಪಕ್ಕದ ಹೊಲಿಗೆ ಅಂಗಡಿಯ, ಊರಿಗೆಲ್ಲ ಅಕ್ಕನಾದ ಓಮನ ಚೇಚಿ ಬಾಗಿಲು ನೂಕಿಕೊಂಡು ಒಳಗೆ ಬಿದ್ದಳು. ಕುತ್ತಿಗೆಗೆ ಅಳತೆ ಟೇಪು, ಕೈಯಲ್ಲಿ ಯಾರದೋ ಅರ್ಧ ರವಿಕೆ.

“ಚೆಲುವಾ, ಕಡುವ! ಹುಲಿ ಬಂದದೆ ಹುಲಿ! ಬಾಗ್ಲು ಹಾಕು!”

ಹುಲಿ ಎಂದು ಕೇಳಿದ್ದೇ ಚೆಲುವರಾಜು ಮೇಜಿನ ಕೆಳಗೆ ಹೋದ. ಹೋದವನಿಗೆ ಅಲ್ಲಿ ಕಂಪ್ಯೂಟರಿನ ಹಿಂಭಾಗ ಕಂಡಿತು. ಅರ್ಧ ಹೊರಗೆ ಬಂದಿದ್ದ ಪಿನ್ನೂ ಕಂಡಿತು. ಗರ್ಜನೆ ಅವನ ಕಿವಿಗೆ ಬಂದಿರಲಿಲ್ಲ, ನೆತ್ತಿಯ ಮೇಲಿನ ಎಮ್ಮೆ ತಲೆಗಳಿಗೆ ಹೋಗಿತ್ತು. ಅಲ್ಲಿಂದ ಎದುರಿನ ತೇಗದ ತೋಟಕ್ಕೆ ಬಡಿದು, ಮಂಜಿನಲ್ಲಿ ಉರುಳಾಡಿ, ಊರಿಗೆಲ್ಲ ಹಬ್ಬಿತ್ತು.

“ಚೇಚೀ, ಹುಲಿ ಅಲ್ಲ ಅದು…” ಎಂದು ತೆವಳಿಕೊಂಡು ಹೊರಬರುವಷ್ಟರಲ್ಲಿ ಬೀದಿಯಿಂದ ಮಾವನ ದನಿ ಕೇಳಿಸಿತು.

“ಹುಲಿ ಹಿಡಿಯೋ ಕೂಡು ಬರೋಗಂಟ ಒಂದ್ ವಂಡಿನೂ ಬುಡಬ್ಯಾಡ್ರಿ! ಅಂಗಡಿ ಎಲ್ಲಾ ಮುಚ್ಚಿ! ಹರತಾಳ!”

ಚೆಲುವರಾಜು ಬಾಯಿ ಮುಚ್ಚಿಕೊಂಡ.

ಮುಚ್ಚಿಕೊಳ್ಳಲು ಕಾರಣವಿತ್ತು. ಆ ಗರ್ಜನೆ ದೇವಯ್ಯನವರದೇ. ಒಂದು ಭಾನುವಾರ ಹಂದಿ ಸಾರು ಉಂಡು ಜಗಲಿಯಲ್ಲಿ ಮಲಗಿದ್ದ ಮಾವನ ಮೂಗಿನ ಬಳಿ ಮೈಕ್ ಹಿಡಿದು ಗೊರಕೆಯನ್ನು ತುಂಬಿಸಿಕೊಂಡಿದ್ದ. ಆಮೇಲೆ ಅದನ್ನು ನಿಧಾನ ಮಾಡಿ, ದಪ್ಪ ಮಾಡಿ, ಗವಿಯ ಪ್ರತಿಧ್ವನಿ ಬೆರೆಸಿದ್ದ. ಊರಿನಲ್ಲಿ ದೇವಯ್ಯನವರ ಎದುರು ಏನು ಬೇಕಾದರೂ ಹೇಳಬಹುದಿತ್ತು, ‘ನೀವು ಗೊರಕೆ ಹೊಡೀತೀರಿ’ ಎಂದು ಮಾತ್ರ ಹೇಳುವಂತಿರಲಿಲ್ಲ. ಮುಳ್ಳನ್‌ಕೊಲ್ಲಿಯಲ್ಲಿರುವ ಸ್ವಂತ ತಮ್ಮ ಒಮ್ಮೆ ಹಾಗೆಂದದ್ದಕ್ಕೆ ಇವತ್ತಿಗೂ ಅವನ ಮನೆಯ ನೀರು ಮುಟ್ಟಿರಲಿಲ್ಲ. ಇನ್ನು ಮನೆಯಳಿಯ ಅದನ್ನು ಸ್ಪೀಕರಿನಲ್ಲಿ ಹಾಕಿದ ಎಂದರೆ ಅಂಗಡಿಯೂ ಇಲ್ಲ, ಕಂಬಳಿಯೂ ಇಲ್ಲ.

ಹುಲಿಯ ಸುದ್ದಿ ಬಂದರೆ ಬೇರೆ ಊರಿನವರು ಓಡುತ್ತಾರೆ. ಕಾಟ್ಟಿಕುಳಂನವರು ರಸ್ತೆಗೆ ಬಂದು ಕೂರುತ್ತಾರೆ. ರೇಂಜರ್ ಬರಬೇಕು, ಕೂಡು, ಅಂದರೆ ಬೋನು, ಇಡುತ್ತೇನೆ ಎನ್ನಬೇಕು, ಕೂಡು ಕಣ್ಣಿಗೆ ಬೀಳಬೇಕು. ಅಲ್ಲಿಯವರೆಗೆ ಬಸ್ಸಿಲ್ಲ, ಅಂಗಡಿಯಿಲ್ಲ. ಇಂಥ ಎಲ್ಲ ಧರಣಿಗೂ ಖಾಯಂ ಅಧ್ಯಕ್ಷರು ದೇವಯ್ಯನವರು. ಆದ್ದರಿಂದ ಮೊದಲು ಇಳಿದ ಶಟರು ಅಳಿಯನದೇ. ಕಂಪ್ಯೂಟರು ಒಳಗೆ, ಟೆಲಿಫೋನ್ ತಂತಿ ಒಳಗೆ, ಗವಿರಾಯ ಒಳಗೆ, ಚೆಲುವರಾಜು ಹೊರಗೆ.

ಹನ್ನೊಂದರ ಹೊತ್ತಿಗೆ ಅವನು ಮೆಲ್ಲಗೆ ಶಟರನ್ನು ಮೊಣಕಾಲಿನಷ್ಟು ಎತ್ತಿ ಹೊಟ್ಟೆಯ ಮೇಲೆ ತೂರಿದ. ಅರ್ಧ ದೇಹ ಒಳಗೆ ಹೋಗಿತ್ತು. ಹೊರಗಿದ್ದ ಕಾಲನ್ನು ಯಾರೋ ಹಿಡಿದರು.

“ಕರಿಂಕಾಲಿ!” ಎಂದು ಕೂಗಿದಳು ಓಮನ ಚೇಚಿ. ಹರತಾಳ ಮುರಿಯುವವನಿಗೆ ಆ ಸೀಮೆಯಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. “ನಾನು ಮದುವೆ ಹುಡ್ಗಿ ರವಿಕೆ ಅರ್ಧಕ್ಕೆ ಬಿಟ್ಟು ಕೂತಿದ್ದೀನಿ, ನೀನು ಯಾಪಾರಕ್ಕೆ ನುಗ್ತಿದ್ದೀಯಾ?”

“ಯಾಪಾರ ಅಲ್ಲ ಚೇಚಿ, ಒಂದು ಮೃಗನ ಕಳಿಸ್ಬೇಕಿತ್ತು…”

“ಮೃಗ ಒಳ್ಗೇ ಅದೆಯಾ?”

ಈ ಮಾತು ಜಂಕ್ಷನ್ನಿನ ಆ ತುದಿ ಮುಟ್ಟುವಷ್ಟರಲ್ಲಿ, ಹುಲಿ ಚೆಲುವರಾಜುವಿನ ಅಂಗಡಿಯೊಳಗೆ ಸೀಡಿಗಳ ನಡುವೆ ಕೂತಿದೆ ಎಂದಾಗಿತ್ತು. ಹತ್ತಾರು ಜನ ದೊಣ್ಣೆ ಹಿಡಿದು ಒಳಗೆ ಹೊಕ್ಕು, ಹುಲಿ ಸಿಗದೆ, ಎರಡು ಹೊಸ ಸಿನಿಮಾ ಜೇಬಿಗಿಳಿಸಿಕೊಂಡು ಹೊರಬಂದರು. ಶಟರು ಮತ್ತೆ ಇಳಿಯಿತು. ಈ ಸಲ ಬೀಗದ ಕೈ ಮಾವನ ಸೊಂಟ ಸೇರಿತು.

ಅಷ್ಟರಲ್ಲಿ ಫಾರೆಸ್ಟ್ ವಾಚರ್ ಕರಿಯನ್ ಜೊತೆ ರೇಂಜರ್ ಸಾಹೇಬರ ಜೀಪು ಬಂತು. ಟೀ ಅಂಗಡಿಯ ನಾರಾಯಣನ್ ಅವರನ್ನು ಕರೆದುಕೊಂಡು ಹೋಗಿ ಕೆಸರಿನಲ್ಲಿದ್ದ ದುಂಡನೆಯ ಗುಳಿಯೊಂದನ್ನು ತೋರಿಸಿದ.

“ಸಾರೇ, ಹೆಜ್ಜೆ! ನೋಡಿ ಎಷ್ಟು ದೊಡ್ಡದು!”

ಕರಿಯನ್ ಗುಳಿಯನ್ನು ನೋಡಿದ. ಪಕ್ಕದಲ್ಲಿದ್ದ ನಾರಾಯಣನ ಬಕೆಟ್ಟನ್ನೂ ನೋಡಿದ. ಬಕೆಟ್ಟನ್ನು ಎತ್ತಿ ಗುಳಿಯಲ್ಲಿಟ್ಟ. ಅಲ್ಲಾಡದೆ ಕೂತಿತು.

“ಹುಲಿ ಬಕೆಟ್ ಮೇಲೆ ಕಾಲಿಟ್ಟಿರ್ಬೇಕು,” ಎಂದ ನಾರಾಯಣನ್, ಎದೆಗುಂದದೆ.

ರೇಂಜರ್ ಹಣೆ ಒರೆಸಿಕೊಂಡರು. “ಕಣ್ಣಲ್ಲಿ ಕಂಡವರು ಯಾರಾದ್ರೂ ಉಂಟಾ? ಸುಮ್ಮನೆ ಕೂಡು ಇಡೋಕೆ ಆಗಲ್ಲ.”

“ಕಾಣೋದ್ ಯಾಕೆ ಸಾರ್, ಅದರ ಬಾಯ್ ಹತ್ರನೇ ಇದ್ದ ನಮ್ ಅಳಿಯ,” ಎಂದು ದೇವಯ್ಯನವರು ಚೆಲುವರಾಜುವನ್ನು ಕೊರಳಪಟ್ಟಿ ಹಿಡಿದು ಮುಂದಕ್ಕೆ ತಂದರು. “ಹೇಳಿ ಅಳಿಮಯ್ಯ, ಹೆದರ್ಕೋಬ್ಯಾಡಿ. ಕೇಳಿದ್ರಾ ಇಲ್ವಾ?”

“ಕೇಳ್ದೆ ಮಾವ. ಆದ್ರೆ… ಹುಲಿ ಅಲ್ಲ ಅನ್ಸುತ್ತೆ.”

“ಅಂಗಂದ್ರೆ?”

ಇಡೀ ಜಂಕ್ಷನ್ ಅವನ ಬಾಯಿಯನ್ನೇ ನೋಡುತ್ತಿತ್ತು. ಚೆಲುವರಾಜು ಮಾವನ ಮೂಗನ್ನೊಮ್ಮೆ ನೋಡಿದ.

“ಹುಲಿಗಿಂತ… ವಯಸ್ಸಾದ್ದು. ದೊಡ್ಡದು.”

“ಕೇಳಿದ್ರಾ ಸಾರ್!” ದೇವಯ್ಯನವರು ಟವೆಲ್ ಬೀಸಿದರು. “ಒಂದು ಎಳೇದು, ಒಂದು ದೊಡ್ಡದು. ಎರಡವೆ! ನಮ್ಗೆ ಎರಡು ಕೂಡು ಬೇಕು!”

“ಎರಡು ಕೂಡು ಬೇಕೇ ಬೇಕು!” ಎಂದು ಜನ ಕೂಗಿದರು. ರೇಂಜರ್ ಸಾಹೇಬರು ಜೀಪಿನೊಳಗೆ ಕೂತು ಬಾಗಿಲು ಹಾಕಿಕೊಂಡರು.

ಮಧ್ಯಾಹ್ನ ಧರಣಿಯ ಜಾಗದಲ್ಲೇ ಕಪ್ಪ ಎನ್ನುವ ಮರಗೆಣಸು ಬೇಯಿಸಿದರು, ಮೀನು ಸಾರು ಮಾಡಿದರು. ಅಧ್ಯಕ್ಷರಾದ್ದರಿಂದ ದೇವಯ್ಯನವರಿಗೆ ಮೊದಲ ಎಲೆ, ಕೊನೆಯ ಎಲೆ ಎರಡೂ ಬಂತು. ಉಂಡು, ಎಲೆಯಡಿಕೆ ಹಾಕಿ, ಅಳಿಯನ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತು, ಮುಚ್ಚಿದ ಶಟರಿಗೆ ತಲೆಯಾನಿಸಿದರು. ಬಿಸಿಲು ಹದವಾಗಿತ್ತು. ಚೆಲುವರಾಜು ಗಡಿಯಾರ ನೋಡುತ್ತ ಉಗುರು ಕಡಿಯುತ್ತಿದ್ದ.

ಆಮೇಲೆ ಹುಲಿ ಗುಡುಗಿತು.

ಬೆಳಗ್ಗಿನದೇ ದನಿ. ಆಗ ಗವಿಯ ಪ್ರತಿಧ್ವನಿಯನ್ನು ಕಂಪ್ಯೂಟರ್ ಕೊಟ್ಟಿತ್ತು, ಈಗ ತಗಡಿನ ಶಟರು ಕೊಡುತ್ತಿತ್ತು. ಜನ ದಿಕ್ಕಾಪಾಲಾದರು. ಮೀನು ಸಾರಿನ ಹಂಡೆ ಉರುಳಿತು. ನಾರಾಯಣನ್, ಹರತಾಳಕ್ಕೆ ಸಿಕ್ಕಿ ನಿಂತಿದ್ದ ಬಸ್ಸಿನ ಏಣಿ ಹತ್ತಿ ಟಾಪಿನ ಮೇಲೆ ಕವುಚಿ ಮಲಗಿದ. ರಸ್ತೆಯಲ್ಲಿ ಉಳಿದವರು ಇಬ್ಬರೇ, ನಿದ್ದೆ ಮಾಡುತ್ತಿದ್ದ ದೇವಯ್ಯನವರು ಮತ್ತು ಕೈಯಲ್ಲಿ ತಲೆ ಹಿಡಿದುಕೊಂಡು ಕೂತ ಚೆಲುವರಾಜು.

ಅದೇ ಹೊತ್ತಿಗೆ ಅತ್ತೆ ಶಿವಮ್ಮ ಗಂಡನಿಗೆ ಬಿಪಿ ಮಾತ್ರೆ ಹಿಡಿದುಕೊಂಡು ನಡೆದು ಬಂದರು. ಬಸ್ಸಿನ ಮೇಲೆ ನೋಡಿದರು, ಮರದ ಮೇಲೆ ನೋಡಿದರು.

“ಯಾಕ್ರಪ್ಪಾ ಎಲ್ರೂ ಮ್ಯಾಕ್ ಹತ್ತಿದ್ದೀರಿ?”

“ಶಿವಮ್ಮೇಚೀ, ಓಡಿ! ಕಡುವ!”

“ಎಲ್ ಕಡುವ? ನಮ್ಮನೆಯವ್ರಲ್ವಾ? ನಂಗೆ ದಿನಾ ಇದೇ ಗೋಳು. ಅದಕ್ಕೇ ನಾನು ಅಡಿಗೆ ಮನೇಲಿ ಮಲಗೋದು,” ಎಂದು ಶಿವಮ್ಮ ಗಂಡನ ಭುಜ ತಟ್ಟಿದರು. ಹುಲಿ ನಿಂತಿತು.

ನಗು ಮೊದಲು ಬಸ್ಸಿನ ಮೇಲಿನಿಂದ ಬಂತು. ಆಮೇಲೆ ಮರಗಳಿಂದ. ರೇಂಜರ್ ಸಾಹೇಬರೂ ಟೋಪಿ ಅಡ್ಡ ಹಿಡಿದು ನಕ್ಕರು. “ಹಂಗಾದ್ರೆ ಬೆಳಗ್ಗೆನೂ ಇವ್ರೇ!” ಎಂದ ಯಾರೋ ಒಬ್ಬ. “ಅಧ್ಯಕ್ಷರಿಗೇ ಕೂಡು ಇಡಿ ಸಾರ್!” ಎಂದ ಇನ್ನೊಬ್ಬ.

ದೇವಯ್ಯನವರು ಎದ್ದು ನಿಂತರು. ಇಷ್ಟು ಜನರ ಮುಂದೆ ಅವರು ಯಾವತ್ತೂ ಅಷ್ಟು ಗಿಡ್ಡವಾಗಿ ಕಂಡಿರಲಿಲ್ಲ. ಟವೆಲಿನ ತುದಿಯನ್ನು ಹಿಂಡುತ್ತ, “ಈಗಿಂದು ಏನೋ ಗೊತ್ತಿಲ್ಲ,” ಎಂದರು. “ಆದ್ರೆ ಬೆಳಗ್ಗೆ ನಾನು ನಾರಾಯಣನ ಅಂಗ್ಡೀಲಿ ಟೀ ಕುಡೀತಾ ಇದ್ದೆ. ಎಚ್ಚರವಾಗೇ ಇದ್ದೆ. ನನ್ ಕಿವಿಯಾರೆ ಕೇಳ್ದೆ.”

ನಗು ಸ್ವಲ್ಪ ತಗ್ಗಿತು. “ಅದು ಶರಿ,” ಎಂದ ನಾರಾಯಣನ್ ಬಸ್ಸಿನ ಮೇಲಿಂದಲೇ. “ಕೈಯಲ್ಲಿ ಗ್ಲಾಸ್ ಇತ್ತು. ಅವ್ರ್ ಟೀ ನನ್ ಮೇಲೇ ಚೆಲ್ತು.”

“ಅಳಿಮಯ್ಯ,” ಮಾವ ತಿರುಗಿದರು. ಈ ಸಲ ಕೊರಳಪಟ್ಟಿಗೆ ಕೈ ಹಾಕಲಿಲ್ಲ. “ನೀವಾದ್ರೂ ಹೇಳಿ. ಬೆಳಗ್ಗಿಂದು ಹುಲಿ ತಾನೆ?”

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಒಂದು ಮಾತು ಹೇಳಿದರೆ ಹರತಾಳ ಮುಗಿಯುತ್ತದೆ, ಶಟರು ಏಳುತ್ತದೆ. ಚೆಲುವರಾಜು ಮಾವನ ಮುಖ ನೋಡಿದ. ಅಲ್ಲಿ ಅಧ್ಯಕ್ಷರು ಇರಲಿಲ್ಲ. ಮೀನು ಸಾರಿನ ಕಲೆಯ ಅಂಗಿ ತೊಟ್ಟ ಒಬ್ಬ ಮುದುಕ ಇದ್ದ.

“ಹುಲಿನೇ ಮಾವ,” ಎಂದ ಗಟ್ಟಿಯಾಗಿ. “ನನ್ ಮಗಳಾಣೆ ಹುಲಿ. ಬಾಲಾನೂ ಕಂಡೆ.”

ಆಣೆಯಿಟ್ಟ ಮೇಲೆ ಇನ್ನೇನು? ರೇಂಜರ್ ಸಾಹೇಬರು ವೈರ್‌ಲೆಸ್ಸಿನಲ್ಲಿ ಮಾತಾಡಿದರು. ಐದು ಗಂಟೆ ದಾಟಿದ ಮೇಲೆ ಕಬ್ಬಿಣದ ಕೂಡು ಹೇರಿದ ಲಾರಿ ಜೈಕಾರಗಳ ನಡುವೆ ಬಂದು ನಿಂತಿತು. ಕೂಡನ್ನು ಎಲ್ಲಿಡಬೇಕು? ಬಾಲ ಕಂಡ ಜಾಗದಲ್ಲಿ. ಅಂದರೆ ಚೆಲುವರಾಜುವಿನ ಅಂಗಡಿಯ ಪಕ್ಕಕ್ಕೆ. ನಾರಾಯಣನ್ ತನ್ನ ಆಡನ್ನು ಹುಲಿಗೆ ಎರೆಯೆಂದು ಕಣ್ಣೀರಿಡುತ್ತ ಕೂಡಿನೊಳಗೆ ಕಟ್ಟಿದ. ಮಾವ ಬೀಗದ ಕೈಯನ್ನು ಅಳಿಯನ ಅಂಗೈಗಿಟ್ಟು, “ನೀವಿಲ್ದಿದ್ರೆ ಇವತ್ತು ನನ್ ಮಾನ ಹೋಗ್ತಿತ್ತು,” ಎಂದರು.

ಚೆಲುವರಾಜು ಒಳಗೆ ಹಾರಿದ. ಇಂಟರ್ನೆಟ್ಟು ಕಾಫಿ ಮೂಟೆ ಹೇರಿದ ಲಾರಿ ಏರು ಹತ್ತುವಂತೆ ನರಳುತ್ತ ಹತ್ತಿತು. ಆರು ಬಡಿಯುವ ಮೊದಲು ‘ಕಗ್ಗತ್ತಲ ಕಣಿವೆ’ ಕಾಟ್ಟಿಕುಳಂ ಬಿಟ್ಟು ಹೋಯಿತು. ಅವನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಮಾವನ ಮಾನವೂ ಉಳಿಯಿತು, ಗವಿರಾಯನೂ ಉಳಿದ!

ತೀರ್ಪುಗಾರರಿಗೆ ಅಲ್ಲಿ ಆಗ ಬೆಳಗು. ಕಾದಿದ್ದವರಂತೆ ಕೂಡಲೇ ಆಡಿ ನೋಡಿದರು, ಕತ್ತಲಾಗುವಷ್ಟರಲ್ಲಿ ಉತ್ತರ ಬಂತು.

‘ನಿಮ್ಮ ಕಣಿವೆ ಅದ್ಭುತ. ಬಾವಿಯ ಹೆಂಗಸಿಗೆ ನಾವು ನಿಜಕ್ಕೂ ಹೆದರಿದೆವು. ಮೊದಲ ಬಹುಮಾನ ನಿಮ್ಮದೇ ಆಗಬಹುದಿತ್ತು. ಆದರೆ ಎಲ್ಲ ದನಿಗಳೂ ನಿಮ್ಮ ಸ್ವಂತ ತಯಾರಿಕೆಯಾಗಿರಬೇಕು ಎಂಬುದು ನಿಯಮ. ನಿಮ್ಮ ಮೃಗದ ಗರ್ಜನೆ ನಿಜವಾದ ಹುಲಿಯದೆಂದು, ಎಲ್ಲಿಂದಲೋ ಎತ್ತಿದ್ದೆಂದು ನಮಗೆಲ್ಲ ಖಾತ್ರಿಯಾಗಿದೆ. ಅದು ಹುಲಿಯಲ್ಲ ಎಂದು ನಿಮ್ಮ ಊರಿನ ಒಬ್ಬರಾದರೂ ಸಾಕ್ಷಿ ಹೇಳುವುದಾದರೆ ಮರುಪರಿಶೀಲಿಸುತ್ತೇವೆ.’

ಚೆಲುವರಾಜು ಎದ್ದು ಬಾಗಿಲಿಗೆ ಬಂದ. ಎದುರಿಗೆ ಓಮನ ಚೇಚಿ ಪತ್ರಿಕೆಯವನೊಬ್ಬನಿಗೆ ಹುಲಿಯ ಉದ್ದವನ್ನು ಅಳತೆ ಟೇಪಿನಲ್ಲಿ ತೋರಿಸುತ್ತಿದ್ದಳು. ಟೇಪು ಸಾಲದೆ ರಸ್ತೆ ದಾಟಿ ಹೋಗಿದ್ದಳು. ನಾರಾಯಣನ್ ಬಕೆಟ್ಟಿನ ಗುಳಿಗೆ ಸುತ್ತ ಕಲ್ಲು ಇಟ್ಟಿದ್ದ. ಪಕ್ಕದ ಬೆಂಚಿನ ಮೇಲೆ ಮಾವ, ಕೂಡಿನ ಕಾವಲಿಗೆಂದು ಕೂತವರು, ಹೊಲಿಗೆ ಅಂಗಡಿಯ ಮುಚ್ಚಿದ ಶಟರಿಗೆ ತಲೆಯಾನಿಸಿ ಬಾಯಿ ತೆರೆದಿದ್ದರು. ಶಟರು ಗಡಗಡ ನಡುಗಿತು. ಕೂಡಿನೊಳಗಿನ ಆಡು ಕಾಲು ಮಡಚಿ ಬಿದ್ದುಬಿಟ್ಟಿತು.

ತಮ್ಮ ಸದ್ದಿಗೆ ತಾವೇ ಬೆಚ್ಚಿ ಎದ್ದ ದೇವಯ್ಯನವರು ಅಳಿಯನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

“ಕೇಳಿದ್ರಾ ಅಳಿಮಯ್ಯ? ಇಲ್ಲೇ ಹತ್ರ ಗುರ್ರಂತು!”

“ಕೇಳ್ದೆ ಮಾವ.”

“ಹುಲಿನೇ ತಾನೆ?”

ಚೆಲುವರಾಜು ಒಮ್ಮೆ ಒಳಗಿನ ಕಂಪ್ಯೂಟರನ್ನು ನೋಡಿದ, ಒಮ್ಮೆ ಮಾವನನ್ನು ನೋಡಿದ.

“ಹುಲಿನೇ ಮಾವ,” ಎಂದ.