ರೀಮ್ ಐಲ್ಯಾಂಡಿನ ಗುಮ್ಮ

ಕೂತಲ್ಲಿ ಕೂರಲಾರದ ಮನುಷ್ಯನಿಗೆ ದೇವರು ಒಂದರ ಬದಲು ಎರಡು ಕೆಲಸ ಕೊಟ್ಟರೆ ಇಂಥವು ಆಗುತ್ತಲೇ ಇರುತ್ತವೆ. ವಾರಕ್ಕೆ ಆರು ದಿನ ನಾನು ಅಬುಧಾಬಿಯ ರೀಮ್ ಐಲ್ಯಾಂಡಿನ ಟವರುಗಳಲ್ಲಿ ಎಸಿ ಮೇಂಟೆನೆನ್ಸ್ ಸೂಪರ್‌ವೈಸರ್. ಭಾನುವಾರ ಮಧ್ಯಾಹ್ನ ದುಬೈಯ ಒಂದು ಗೋದಾಮಿನಲ್ಲಿ ಮುಖವಾಡ ತೊಟ್ಟ ಕುಸ್ತಿಪಟು. ಗದಗಿನಿಂದ ಬಂದವನಿಗೆ ಇದೆಲ್ಲಿಯ ಹುಚ್ಚು ಅಂತ ಕೇಳಬೇಡಿ. ಡ್ಯೂಟಿ ಮುಗಿದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಜಿಮ್ಮಿಗೆ ಹೋಗುತ್ತಿದ್ದೆ. ಅಲ್ಲಿಗೆ ಬರುತ್ತಿದ್ದ ಲೆಬನಾನಿನವನೊಬ್ಬ ಇಂಥ ಕುಸ್ತಿಯ ಷೋಗಳನ್ನು ನಡೆಸುವ ಪ್ರಮೋಟರ್. ಒಂದು ದಿನ ನನ್ನನ್ನು ಸುತ್ತು ಹಾಕಿ ನೋಡಿ ಹೇಳಿದ: “ಮೈ ಚೆನ್ನಾಗಿದೆ. ಆದರೆ ನಿನ್ನ ಮುಖ ತುಂಬಾ ಒಳ್ಳೆಯದು, ಯಾರೂ ಹೆದರುವುದಿಲ್ಲ. ಅದನ್ನು ಮುಚ್ಚಿಬಿಡೋಣ.”

ರಿಂಗಿನ ಹೆಸರು ‘ಗುಮ್ಮ’ ಅಂತ ನಾನೇ ಇಟ್ಟುಕೊಂಡೆ. ಯಾರು ಗೆಲ್ಲಬೇಕು ಅನ್ನುವುದು ಡ್ರೆಸ್ಸಿಂಗ್ ರೂಮಿನಲ್ಲೇ ತೀರ್ಮಾನವಾಗಿರುತ್ತದೆ. ಬೀಳುವ ಪೆಟ್ಟು ಮಾತ್ರ ಪೂರ್ತಿ ಅಸಲಿ. ಪಾರ್ಟ್‌ಟೈಮ್ ಪರ್ಮಿಟ್ಟಿಗೆ ಕಂಪನಿಯಿಂದ ಎನ್‌ಒಸಿ ಕೇಳಿದಾಗ ‘ಸ್ಪೋರ್ಟ್ಸ್’ ಅಂತ ಬರೆದಿದ್ದೆ. ಆಫೀಸಿನವರು ಕೇರಂ ಇರಬೇಕು ಅಂದುಕೊಂಡು ಸಹಿ ಹಾಕಿಕೊಟ್ಟರು. ಗುಮ್ಮ ಯಾರು ಅನ್ನುವುದನ್ನು ಯಾರಿಗೂ ಹೇಳಬಾರದು ಎಂಬುದು ಪ್ರಮೋಟರನ ಷರತ್ತು. ಹೆಂಡತಿಯೊಬ್ಬಳಿಗೆ ಮಾತ್ರ ಗೊತ್ತಿತ್ತು.

ಬಿಟ್ಟುಹೋದ ಅಳತೆ

ಮುಖವಾಡ ಹೊಲಿಸಲು ದುಬೈಯ ಹಳೇ ಪೇಟೆ ನೈಫ್‌ಗೆ ಹೋದೆ. ಅಲ್ಲಿ ಒಬ್ಬ ವಯಸ್ಸಾದ ಹೈದರಾಬಾದಿ ದರ್ಜಿ, ಐವತ್ತು ವರ್ಷದಿಂದ ಅರಬ್ಬರ ನಿಲುವಂಗಿ ಹೊಲಿದ ಕೈ. “ಚಾಚಾ, ಮುಖಕ್ಕೆ ಹೊಲಿಯಬೇಕು” ಅಂದೆ. ಕೊರಳಿಂದ ಟೇಪು ತೆಗೆದಿದ್ದವರು ಅದನ್ನು ಮತ್ತೆ ಕೊರಳಿಗೇ ಹಾಕಿಕೊಂಡರು.

“ಬ್ಯಾಂಕಿಗೋ, ಬಂಗಾರದಂಗಡಿಗೋ?”

“ಕುಸ್ತಿಗೆ.”

ನನ್ನ ಹೊಟ್ಟೆಯನ್ನೊಮ್ಮೆ ನೋಡಿದರು. ನಂಬಿದರೋ ಬಿಟ್ಟರೋ, ಅಳತೆಯನ್ನಂತೂ ಶ್ರದ್ಧೆಯಿಂದ ತೆಗೆದರು. ಕಿವಿಯಿಂದ ಕಿವಿಗೆ, ಹಣೆಯಿಂದ ಗದ್ದಕ್ಕೆ, ಮೂಗಿನ ಎತ್ತರ, ಎಲ್ಲ ಬರೆದುಕೊಂಡರು. ನಾಲ್ಕು ದಿನ ಬಿಟ್ಟು ಹೋದರೆ ಮುಖವಾಡ ಸಿದ್ಧ. ಕರಿಯ ಬಟ್ಟೆ, ಕೆಂಪು ಹುಬ್ಬು, ಹಿಂದೆ ಬಿಗಿಯಲು ಲೇಸು. ತೊಟ್ಟರೆ ಚರ್ಮದ ಹಾಗೆ ಕೂತಿತು. ಕನ್ನಡಿ ನೋಡಿ ನಾನೇ ಹೆದರಿದೆ. ಅರ್ಧ ನಿಮಿಷದಲ್ಲಿ ಇನ್ನೂ ಹೆಚ್ಚು ಹೆದರಿದೆ. ಕಣ್ಣಿಗೆ ಎರಡು ತೂತು ಇದ್ದವು, ಮೂಗಿಗೂ ಬಾಯಿಗೂ ಏನೂ ಇರಲಿಲ್ಲ. ಕಿತ್ತು ತೆಗೆದು, ಏದುಸಿರು ಬಿಡುತ್ತಾ ಕೇಳಿದೆ, “ಚಾಚಾ, ಉಸಿರಾಡೋದು ಹೇಗೆ?”

ಅವರು ಮುಖವಾಡವನ್ನು ತಿರುಗಿಸಿ ಮುರುಗಿಸಿ ನೋಡಿ, ಬಹಳ ನೊಂದುಕೊಂಡು ಹೇಳಿದರು. “ಕಣ್ಣು ಬೇಕು ಅಂದಿರಿ, ಇಟ್ಟೆ. ಉಸಿರಿನ ವಿಷಯ ನೀವು ಎತ್ತಲೇ ಇಲ್ಲವಲ್ಲ!”

ಕಾಲು ತಾಗಿದಾಗ

ಮೊದಲ ಪಂದ್ಯ. ನನ್ನ ಎದುರಾಳಿ ಒಬ್ಬ ಫಿಲಿಪಿನೋ ಜಿಮ್ ಟ್ರೈನರ್. ಬಂದ ಜನರಿಗೆಲ್ಲ ಅವನೇ ಹೀರೋ, ನಾನು ಖಳ. ನನ್ನನ್ನು ಕಂಡರೆ ಜನ ಹಲ್ಲು ಕಡಿಯಬೇಕು, ಕೆಲಸ ಅಷ್ಟೇ. ಹತ್ತು ನಿಮಿಷ ಎಲ್ಲ ಸರಿಯಾಗಿಯೇ ನಡೆಯಿತು. ಗುರುಗುಟ್ಟಿದೆ, ರೆಫರಿಯನ್ನು ತಳ್ಳಿದೆ, ಹಗ್ಗ ಹಿಡಿದು ಕುಣಿದೆ. ಆಮೇಲೆ ಪ್ರಾಕ್ಟೀಸ್ ಮಾಡಿದ್ದ ಪ್ರಕಾರ ಅವನ ಎದೆಗೆ ಒದ್ದೆ. ಒದೆ ಸ್ವಲ್ಪ ಜೋರಾಗಿಯೇ ಬಿತ್ತು.

ಮುಂದಿನದು ನಾನು ಯೋಚಿಸಿ ಮಾಡಿದ್ದಲ್ಲ. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ತಟ್ಟನೆ ಬಗ್ಗಿ, ಅವನ ಎದೆ ಮುಟ್ಟಿ, ಬೆರಳುಗಳನ್ನು ಎರಡು ಸಲ ಕಣ್ಣಿಗೊತ್ತಿಕೊಂಡೆ.

ಜನರಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರೇ. ಗೋದಾಮಿನ ತಗಡು ಹಾರಿಹೋಗುವಂಥ ನಗು. ಕೆಳಗೆ ಬಿದ್ದಿದ್ದ ಟ್ರೈನರ್ ಪಿಸುಗುಟ್ಟಿದ, “ಏನು ಮಾಡ್ತಿದ್ದೀಯ?”

“ಸಾರಿ ಬ್ರದರ್. ಕಾಲು ತಾಗಿತು.”

“ತಾಗಿಸೋದೇ ನಿನ್ನ ಕೆಲಸ!”

ಡ್ರೆಸ್ಸಿಂಗ್ ರೂಮಿನಲ್ಲಿ ಪ್ರಮೋಟರ್ ಎರಡೂ ಕೈ ಮೇಲೆತ್ತಿ ನಿಂತಿದ್ದ. “ಖಲಾಸ್! ಒದ್ದು ನಮಸ್ಕಾರ ಮಾಡುವ ರಾಕ್ಷಸನನ್ನು ಎಲ್ಲಾದರೂ ನೋಡಿದ್ದೀಯಾ?” ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ, ಅದು ತಾನಾಗಿ ಬಂದುಬಿಡುತ್ತದೆ ಅಂದೆ. ಅವನು ಆ ಕೋಣೆಯಲ್ಲಿ ನಾಲ್ಕು ಸುತ್ತು ನಡೆದು ಪರಿಹಾರ ಕಂಡುಹಿಡಿದ. “ಯಲ್ಲಾ, ನಡಿ, ಇನ್ನು ಮೇಲೆ ಬರೀ ಕೈಯಲ್ಲಿ ಹೊಡಿ.”

ಸೋಮವಾರದ ಮುಖ

ಭಾನುವಾರದ ಪೆಟ್ಟು ಸೋಮವಾರ ಬಾತುಕೊಳ್ಳುತ್ತದೆ. ಒಂದು ಸೋಮವಾರ ಎಡಗಣ್ಣು ಎಷ್ಟು ಊದಿತ್ತೆಂದರೆ ಆಫೀಸಿನ ಹಾಜರಿ ಮಷೀನು ನನ್ನ ಮುಖವನ್ನು ಒಪ್ಪಲೇ ಇಲ್ಲ. ಎಚ್‌ಆರ್ ಮೇಡಂ ಒಳಗೆ ಕರೆದರು. ಮಂಗಳೂರಿನ ಕೊಂಕಣಿಯವರು, ತುಂಬಾ ಮೃದು ಸ್ವಭಾವ.

“ಎಂತ ಆದದ್ದು ಸರ್?”

“ಬಾತ್‌ರೂಮಿನಲ್ಲಿ ಜಾರಿದೆ ಮೇಡಂ.”

“ಕಳೆದ ತಿಂಗಳು ಕೂಡ ಬಾತ್‌ರೂಮ್ ಅಂದಿದ್ರಿ. ಅದಕ್ಕೆ ಮೊದಲು ಬಾಗಿಲು ಬಡಿದದ್ದು ಅಂದಿದ್ರಿ.” ಧ್ವನಿ ತಗ್ಗಿಸಿದರು. “ಮನೆಯಲ್ಲಿ ಎಲ್ಲ ಸರಿ ಉಂಟಲ್ಲ?”

ನಾನು ಕಾಲು ಕುಣಿಸುತ್ತಾ, ಬಾಗಿಲು ನೋಡುತ್ತಾ, “ಸರಿ ಇದೆ, ಸರಿ ಇದೆ” ಅಂದೆ. ನನ್ನ ಚಡಪಡಿಕೆಯನ್ನು ನೋಡಿ ಅವರಿಗೆ ಎಲ್ಲ ಅರ್ಥವಾಗಿಬಿಟ್ಟಿತು. ಸಂಜೆ ನಾನು ಕಣ್ಣಿಗೆ ಐಸ್ ಒತ್ತಿಕೊಂಡು ಕೂತಿದ್ದಾಗ ಹೆಂಡತಿಗೆ ಮೇಡಂ ಫೋನ್ ಬಂತು. ಸ್ಪೀಕರ್ ಹಾಕಿದಳು.

“ನೋಡಿ, ಸಿಟ್ಟು ಎಲ್ಲರಿಗೂ ಬರ್ತದೆ. ಆದ್ರೆ ಕೈ ಮಾಡುದು ಬೇಡ. ಅವರು ತುಂಬಾ ಪಾಪದವರು.”

ನನ್ನವಳು ಧಾರವಾಡದವಳು. ಗುಟ್ಟು ಬಿಟ್ಟುಕೊಡುವಂತಿಲ್ಲ, ಅಪವಾದ ಹೊತ್ತುಕೊಳ್ಳುವವಳೂ ಅಲ್ಲ. ಹೇಳಿದಳು, “ಮೇಡಂ, ನಾ ಹೊಡದಿದ್ರ ಅವರು ಇವತ್ತ ಆಫೀಸಿಗೆ ಬರತಿದ್ರೇನ್ರೀ?”

ಮೂರನೇ ಸಾಲು

ಒಂದು ಭಾನುವಾರ ಹೆಂಡತಿ ಎಂಟು ವರ್ಷದ ಮಗಳನ್ನು ಷೋಗೆ ಕರೆತಂದಳು. ಗುಮ್ಮ ಯಾರೆಂದು ಮಗಳಿಗೆ ಹೇಳಿರಲಿಲ್ಲ. ಪಪ್ಪ ದುಬೈಯಲ್ಲಿ ಡ್ಯೂಟಿ ಮೇಲಿದ್ದಾನೆ ಅಂತ ಅವಳ ಲೆಕ್ಕ. ನಾನು ರಿಂಗಿಗೆ ಬಂದಾಗ ಮೂರನೇ ಸಾಲಿನಲ್ಲಿ ಅವಳು ಕುರ್ಚಿ ಹತ್ತಿ ನಿಂತು “ಗೋ ಹೋಮ್, ಗುಮ್ಮಾ!” ಅಂತ ಕಿರುಚುತ್ತಿದ್ದಳು. ಖಳನಾಗಿ ಅದಕ್ಕಿಂತ ದೊಡ್ಡ ಗೆಲುವಿಲ್ಲ. ಆದರೂ ಬೀಳಬೇಕಾದ್ದಕ್ಕಿಂತ ಎರಡು ನಿಮಿಷ ಮೊದಲೇ ಬಿದ್ದುಬಿಟ್ಟೆ.

ವಾಪಸು ಅಬುಧಾಬಿಗೆ ಕಾರು ಓಡಿಸುತ್ತಾ ಏನೂ ಗೊತ್ತಿಲ್ಲದವನಂತೆ ಕೇಳಿದೆ, “ಹೆಂಗಿತ್ತ ಪುಟ್ಟಿ ಕುಸ್ತಿ?”

“ಸೂಪರ್ ಪಪ್ಪಾ! ಬಟ್ ದಟ್ ಗುಮ್ಮಾ ಈಸ್ ಸೋ ಮೀನ್.”

“ಹಂಗ ಅನಬಾರದವಾ. ಪಾಪ, ಅವಂಗೂ ಮನ್ಯಾಗ ನಿನ್ನಂಥಾ ಮಗಳ ಇರಬಹುದು.”

ಅವಳು ಕಿಟಕಿಯಾಚೆ ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದಳು, “ದೆನ್ ಐ ಫೀಲ್ ಸಾರಿ ಫಾರ್ ಹರ್.”

ಮುಖವಾಡ ಇಳಿದದ್ದು

ಆರು ವರ್ಷವಾಗುವಷ್ಟರಲ್ಲಿ ಮೊಣಕಾಲು ಸಾಕು ಅಂದಿತು, ಡಾಕ್ಟರೂ ಅದನ್ನೇ ಅಂದರು. ಪ್ರಮೋಟರ್ ಕೊನೆಯ ಪಂದ್ಯ ಗೊತ್ತುಮಾಡಿದ. ಟ್ರೈನರ್ ಎದುರು ನಾನು ಸೋಲಬೇಕು, ಸೋತು ಎಲ್ಲರ ಮುಂದೆ ಮುಖವಾಡ ತೆಗೆಯಬೇಕು. ಆ ವಾರ ನನಗೆ ನಿಂತಲ್ಲಿ ನೆಲೆಯಿಲ್ಲ. ಒಂದೇ ಎಸಿಯ ಫಿಲ್ಟರನ್ನು ಮೂರು ಸಲ ಬಿಚ್ಚಿ ಹಾಕಿದೆ. ಮನೆಯಲ್ಲಿ ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ನಡೆದೆ. “ಒಂದ ಕಡೆ ಕುಂದರ್ರಿ, ಟೈಲ್ಸ್ ಸವದಾವು” ಅಂದಳು ಹೆಂಡತಿ. ಮಗಳಿಗೆ ನಿಜ ಹೇಳಿದೆವು. ಅವಳು ಕೇಳಿದ್ದು ಒಂದೇ, “ಡಸ್ ಇಟ್ ಹರ್ಟ್, ಪಪ್ಪಾ?”

ಪೆಟ್ಟಿಗೆ ನಾನು ಹೆದರಿರಲಿಲ್ಲ. ಗುಮ್ಮನನ್ನು ನೋಡಲು ಜನ ಬರುತ್ತಿದ್ದರು. ಬಟ್ಟೆ ತೆಗೆದ ಮೇಲೆ ಒಳಗೆ ಯಾರೂ ಇಲ್ಲ ಅಂತ ಅವರಿಗೆ ಅನ್ನಿಸಿಬಿಟ್ಟರೆ?

ಭಾನುವಾರ ಗೋದಾಮು ಭರ್ತಿ. ಇಪ್ಪತ್ತು ನಿಮಿಷ ಹೊಡೆದಾಡಿದೆವು. ಸೋತೆ. ರಿಂಗಿನ ನಡುವೆ ಮಂಡಿಯೂರಿ ಲೇಸು ಬಿಚ್ಚಿದೆ. ಮುಖವಾಡ ಎಳೆದು ತೆಗೆದು, ಬೆವರು ಒರೆಸಿಕೊಂಡು ತಲೆ ಎತ್ತಿದೆ.

ಏನೂ ಆಗಲಿಲ್ಲ. ಜನ ನನ್ನನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಯಾರಿವನು?” ಅಂತ ಹಿಂದಿಯಲ್ಲಿ ಒಂದು ದನಿ ಬಂತು. ಮೈಕಿನವನು ಚೀಟಿ ನೋಡಿ ನನ್ನ ಹೆಸರು ಓದಿದ. ಅದರಿಂದಲೂ ಯಾರಿಗೂ ಏನೂ ಹೊಳೆಯಲಿಲ್ಲ. ನಾನು ಹೆದರಿದ್ದು ಇದಕ್ಕೇ.

ಆಗ ಎರಡನೇ ಸಾಲಿನಲ್ಲಿ ಕನ್ನಡಕದವರೊಬ್ಬರು ಎದ್ದು ನಿಂತರು. ಮುಖ ಅರಳಿತ್ತು. “ಹೋಯ್ ಮಾರಾಯ್ರೆ! ನೀವಾ!”

ಎದೆ ತುಂಬಿ ಬಂತು. ಅಷ್ಟು ಜನರಲ್ಲಿ ನನ್ನನ್ನು ಬಲ್ಲವರು ಒಬ್ಬರಾದರೂ ಸಿಕ್ಕಿದರು. ಕೈ ಎತ್ತಿ ಬೀಸಿದೆ.

“ನಮ್ಮ ಟವರಿನ ಎಸಿಯವರು! ಹದಿನೇಳನೇ ಮಾಳಿಗೆ! ಮೂರು ಸರ್ತಿ ಕಂಪ್ಲೇಂಟ್ ಕೊಟ್ಟಾಯ್ತು, ಬೆಡ್‌ರೂಮಿನಲ್ಲಿ ಇನ್ನೂ ನೀರು ಬೀಳ್ತಾ ಉಂಟು! ಭಾನುವಾರ ಬನ್ನಿ ಅಂದ್ರೆ ಅರ್ಜೆಂಟ್ ಕೆಲಸ ಉಂಟು ಅಂದ್ರಿ, ಇದಾ ನಿಮ್ಮ ಅರ್ಜೆಂಟು?”

ಕನ್ನಡ ಬಲ್ಲವರು ನಕ್ಕರು. ಉಳಿದವರಿಗೆ ಅನ್ಯಾಯವಾಗಬಾರದೆಂದು ಆ ಪುಣ್ಯಾತ್ಮರು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು, ಆಮೇಲೆ ಹಿಂದಿಯಲ್ಲಿ. ಖಳನಾಗಿ ಆರು ವರ್ಷ ನಾನು ಸಂಪಾದಿಸಿದ ಬೈಗುಳವೆಲ್ಲ ಒಂದು ಕಡೆ, ಆಗ ಇಡೀ ಗೋದಾಮು ಒಟ್ಟಾಗಿ ಕೂಗಿದ “ಬೂ” ಒಂದು ಕಡೆ. ಮೂರನೇ ಸಾಲಿನಲ್ಲಿ ನನ್ನ ಹೆಂಡತಿಯೂ ಕೂಗುತ್ತಿದ್ದಳು.

ಟ್ರೈನರ್ ನನ್ನನ್ನು ಎಬ್ಬಿಸಿ ನಿಲ್ಲಿಸಿದ. ಗಟ್ಟಿಯಾಗಿ ತಬ್ಬಿಕೊಂಡ. ಆರು ವರ್ಷ ಒಬ್ಬರನ್ನೊಬ್ಬರು ಎತ್ತಿ ಒಗೆದವರು ನಾವು. ನನ್ನ ಕಣ್ಣು ಒದ್ದೆಯಾಯಿತು. ಅವನು ನನ್ನ ಕಿವಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಕೇಳಿದ:

“ಬ್ರದರ್, ಸ್ಪ್ಲಿಟ್ ಎಸಿ ಕೂಡ ರಿಪೇರಿ ಮಾಡ್ತೀಯಾ?”