ಶಿಶುವಿಹಾರದ ಎರಡನೆಯ ಮೀನಿಗೆ

ಕಿಟಕಿಯ ಪಕ್ಕದ ಗಾಜಿನ ತೊಟ್ಟಿಯಲ್ಲಿ ಕಳೆದ ತಿಂಗಳಿನಿಂದ ವಾಸವಾಗಿರುವ ಚಿನ್ನದ ಬಣ್ಣದ ಮೀನಿನವರ ಸನ್ನಿಧಾನಕ್ಕೆ, ಚರ್ಚಿನ ಶಿಶುವಿಹಾರದ ನಾಲ್ಕು ವರ್ಷದವರ ತರಗತಿಯ ಮಗುವೊಂದರ ಚಿಕ್ಕಮ್ಮ ಮಾಡುವ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವಾಗಿರುವುದನ್ನು ಗಾಜಿನ ಹೊರಗಿನಿಂದಲೇ ಕಂಡು ಸಂತೋಷವಾಯಿತು. ನಾನು ದಿನಚರಿ ಬಿಟ್ಟು ಬೇರೇನೂ ಬರೆದವಳಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಾವು ಓದಲಾರಿರೇನೋ ಎಂಬ ಸಣ್ಣ ಅನುಮಾನದಿಂದ ಇದರ ಒಂದು ಪ್ರತಿಯನ್ನು ಪೋಷಕರ ಸೂಚನಾ ಫಲಕಕ್ಕೂ ಅಂಟಿಸುತ್ತಿದ್ದೇನೆ. ಓದು ಬಲ್ಲವರು ಅಪ್ಪಿತಪ್ಪಿ ಓದಿದರೆ ನನ್ನ ಆಕ್ಷೇಪವಿಲ್ಲ.

ತಮ್ಮ ನೇಮಕದ ಹಿನ್ನೆಲೆಯನ್ನು ತಮಗೆ ಯಾರೂ ತಿಳಿಸಿರಲಾರರು. ಈ ತೊಟ್ಟಿಯಲ್ಲಿ ತಮಗಿಂತ ಮೊದಲು ಇನ್ನೊಬ್ಬರಿದ್ದರು. ಉಬ್ಬಿದ ಕೆನ್ನೆಯ ಕಾರಣ ಮಕ್ಕಳೆಲ್ಲ ಅವರನ್ನು ದೊಡ್ಡಪ್ಪ ಎಂದು ಕರೆಯುತ್ತಿದ್ದರು. ಒಂದು ಶುಕ್ರವಾರ, ಮನೆಗೆ ಹೊರಡುವ ಮುಂಚಿನ ಪ್ರಾರ್ಥನೆಯ ಹೊತ್ತಿಗೆ, ದೊಡ್ಡಪ್ಪನವರು ಹೊಟ್ಟೆ ಮೇಲೆ ಮಾಡಿ ತೇಲಿದರು. ಉಳಿದ ಮಕ್ಕಳು ಕಣ್ಣು ಮುಚ್ಚಿದ್ದರು; ನನ್ನ ಅಕ್ಕನ ಮಗಳು ಚುಕ್ಕಿ ಮಾತ್ರ ತೆರೆದಿದ್ದಳು. ದೇವರು ಮೀನುಗಳನ್ನು ಐದನೆಯ ದಿನ ಸೃಷ್ಟಿಸಿದನೆಂದು ಅಲ್ಲಿನ ಗೋಡೆಯ ಚಿತ್ರ ಹೇಳುತ್ತದೆ. ತಮ್ಮನ್ನು ಮಾತ್ರ ವಿಶ್ರಾಂತಿಯ ದಿನವಾದ ಭಾನುವಾರ, ಬಣ್ಣದ ಮೀನಿನ ಅಂಗಡಿಯಿಂದ, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ತರಲಾಯಿತೆಂದು ಆಯಾ ಹೇಳಿದರು. ಸೋಮವಾರ ಟೀಚರ್ ಮಕ್ಕಳನ್ನು ತೊಟ್ಟಿಯ ಸುತ್ತ ನಿಲ್ಲಿಸಿ, "ದೊಡ್ಡಪ್ಪನಿಗೆ ಹುಷಾರಿರಲಿಲ್ಲ, ಈಗ ನೋಡಿ ಹೇಗೆ ಓಡಾಡ್ತಿದ್ದಾನೆ!" ಎಂದರಂತೆ. ಶುಕ್ರವಾರ ಸತ್ತು ಭಾನುವಾರ ಎದ್ದು ಬಂದವರ ವಿಷಯವನ್ನು ಅದೇ ಕೋಣೆಯಲ್ಲಿ ಭಕ್ತಿಯಿಂದ ಕಲಿಸುತ್ತಾರೆ, ನಾನೂ ಅದನ್ನು ನಂಬಿದವಳೇ. ಆದರೆ ಅದು ಮೀನುಗಳಿಗೂ ಅನ್ವಯಿಸುತ್ತದೆಂದು ನನಗೆ ತಿಳಿದಿರಲಿಲ್ಲ.

ಚುಕ್ಕಿ ಗಾಜಿಗೆ ಮೂಗೊತ್ತಿ ಸ್ವಲ್ಪ ಹೊತ್ತು ತಮ್ಮನ್ನು ನೋಡಿ, "ಇವನು ಬೇರೆಯವನು, ಅವನು ಸತ್ತೋದ," ಎಂದಳು. ಪಕ್ಕದ ಮಗು ಅತ್ತಿತು. ಅದು ಅತ್ತದ್ದು ನೋಡಿ ಇನ್ನೂ ಮೂವರು ಅತ್ತರು. "ಹಾಗನ್ಬಾರದು ಕಂದಾ, ಅವನೇ ಇವನು," ಎಂದು ಟೀಚರ್ ತಿದ್ದಿದರೆ, "ಅವನ ಬಾಲ ಹರಿದಿತ್ತು ಟೀಚರ್, ಇವನದು ಇಸ್ತ್ರಿ ಮಾಡಿದ ಹಾಗಿದೆ," ಎಂದು ಇವಳು ಟೀಚರನ್ನು ತಿದ್ದಿದಳು.

ಈ ಅವಧಿಯ 'ಕಲಿಕೆ ಮತ್ತು ಬೆಳವಣಿಗೆಯ ಗುರಿಗಳು' ಎಂಬ ಹಾಳೆ ಮೊನ್ನೆ ಮನೆಗೆ ಬಂತು. ಗುರಿ ಮುಟ್ಟಿದ ಮಗುವಿಗೆ ಹೂವು, ದಾರಿಯಲ್ಲಿದ್ದರೆ ಮೊಗ್ಗು, ಇನ್ನೂ ಹೊರಟೇ ಇಲ್ಲದಿದ್ದರೆ ಬೀಜ. ದೇವರ ಸೃಷ್ಟಿಯನ್ನು ಸೂಕ್ಷ್ಮವಾಗಿ ಗಮನಿಸುವುದರಲ್ಲಿ ಚುಕ್ಕಿಗೆ ಹೂವು. ಗಮನಿಸಿದ್ದನ್ನು ಪೂರ್ಣ ವಾಕ್ಯದಲ್ಲಿ ಹೇಳುವುದರಲ್ಲಿಯೂ ಹೂವು. ಸತ್ಯ ನುಡಿಯುವುದರಲ್ಲಿ ಬೀಜ. ಬೆಳಗ್ಗೆ ಗೇಟಿನ ಬಳಿ ತಾಯಿಯನ್ನು ಬಿಟ್ಟು ಅಳದೆ ಒಳಗೆ ಬರುವುದರಲ್ಲಿ ಮತ್ತೆ ಹೂವು, ಅದೂ ಕೆಂಪು ಬಣ್ಣ ತುಂಬಿದ್ದು. ನನ್ನ ಅಕ್ಕ ತೀರಿಕೊಂಡು ಏಳು ತಿಂಗಳಾಯಿತು.

ಬೀಜವಿದ್ದ ಮಕ್ಕಳನ್ನು ಐದು ವರ್ಷದವರ ತರಗತಿಗೆ ಕಳಿಸುವುದಿಲ್ಲವಾದ್ದರಿಂದ ಭಾವನೂ ನಾನೂ ಟೀಚರನ್ನು ಕಾಣಲು ಹೋದೆವು. ಮಕ್ಕಳ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕುಳಿತೆವು. ಟೀಚರ್ ಒಳ್ಳೆಯವರು, ನನ್ನ ಕೈ ಹಿಡಿದುಕೊಂಡೇ ಮಾತಾಡಿದರು. "ಈಗ ಅವಳಿಗೆ ಎಲ್ಲಾ ನೀವೇ ಅಲ್ವಾ? ಅಮ್ಮ ಅಂತ ಕರೆಯೋದನ್ನ ರೂಢಿ ಮಾಡಿಸಿ. ಈ ಸಾವಿನ ಮಾತೆಲ್ಲ ತಾನಾಗೇ ನಿಲ್ಲುತ್ತೆ, ಆ ಗುರಿನೂ ಮುಟ್ತಾಳೆ," ಎಂದರು. ಭಾವ ತಮ್ಮ ಬೂಟುಗಳನ್ನು ನೋಡುತ್ತ, "ಟೀಚರ್ ಹೇಳೋದ್ರಲ್ಲೂ ಅರ್ಥ ಇದೆಯಲ್ವಾ," ಎಂದರು. ಅವರಿಗೂ ಸಾಕಾಗಿತ್ತು, ನಾನು ಅವರನ್ನು ದೂರುವುದಿಲ್ಲ.

ಹಾಗಾಗಿ ಮಾನ್ಯರೇ, ಆ ಸಂಜೆ ಚುಕ್ಕಿಯ ತಲೆ ಒರೆಸುತ್ತ, ನನ್ನನ್ನು ಅಮ್ಮ ಅಂತ ಕರೀತೀಯಾ ಎಂದು ನಾನು ಕೇಳಿಯೇಬಿಟ್ಟೆ. ಅವಳು ಟವೆಲಿನ ಒಳಗಿನಿಂದ, "ಹಾಗಾದ್ರೆ ಚಿಕ್ಕಮ್ಮ ಎಲ್ಲಿಗೆ ಹೋಗ್ತಾಳೆ?" ಎಂದಳು. ಎಲ್ಲೂ ಹೋಗಲ್ಲ ಕಣೇ, ಇಲ್ಲೇ ಇರ್ತಾಳೆ ಎಂದೆ. "ದೊಡ್ಡಪ್ಪನೂ ಇಲ್ಲೇ ಇದಾನೆ ಅಂತಾರೆ," ಎಂದಳು. ಒರೆಸಿದ ತಲೆಯನ್ನೇ ಮತ್ತೆ ಒರೆಸಿದೆ.

ತಮ್ಮ ಸೇವೆಯ ಬಗ್ಗೆ ನನ್ನ ದೂರೇನೂ ಇಲ್ಲ. ಹಾಕಿದ್ದನ್ನು ತಿಂದು, ಕರೆದ ಹೆಸರಿಗೆ ಆಕ್ಷೇಪಿಸದೆ, ಸತ್ತವರೊಬ್ಬರ ಜಾಗದಲ್ಲಿ ಇಷ್ಟು ನಿರಾಳವಾಗಿ ತಿರುಗಾಡುವುದು ಸಾಮಾನ್ಯರಿಗೆ ಒಲಿಯುವ ವಿದ್ಯೆಯಲ್ಲ. ನನಗಂತೂ ಅಕ್ಕನ ಬಟ್ಟೆಗಳ ಕಪಾಟನ್ನು ತೆರೆಯುವುದಕ್ಕೇ ಇನ್ನೂ ಆಗಿಲ್ಲ. ಆದರೂ ತಮ್ಮಲ್ಲಿ ಒಂದೆರಡು ವಿನಂತಿಗಳಿವೆ. ದಿನವಿಡೀ ಬಾಯಿ ತೆರೆದು ಮುಚ್ಚುತ್ತಿರುವ ತಾವು, ಒಂದೇ ಒಂದು ಸಲ ಅದಕ್ಕೆ ಧ್ವನಿ ಸೇರಿಸಿ, "ನಾನು ಅವನಲ್ಲ" ಎಂದು ಟೀಚರಿಗೆ ಕೇಳಿಸುವಂತೆ ಹೇಳಬೇಕು. ಅದು ಕಷ್ಟವಾದರೆ ಲಿಖಿತ ಹೇಳಿಕೆಯಾದರೂ ಸಾಕು. ಅದೂ ಆಗದಿದ್ದರೆ, ಒಬ್ಬರ ಜಾಗಕ್ಕೆ ಬಂದವರು ಅವರೇ ಆಗಿಬಿಡುವುದು ಹೇಗೆಂದು ತಮಗೆ ಬಿಡುವಿದ್ದಾಗ ನನಗೆ ಕಲಿಸಿಕೊಡಬೇಕು. ನಾನು ಇನ್ನೂ ಬೀಜದಲ್ಲಿಯೇ ಇದ್ದೇನೆ.

ಸದ್ಯಕ್ಕೆ ಹಾಳೆಯ ಕೆಳಗೆ 'ತಾಯಿಯ ಸಹಿ' ಎಂದಿದ್ದಲ್ಲಿ ತಾಯಿ ಎಂಬುದನ್ನು ಹೊಡೆದುಹಾಕಿ, ಚಿಕ್ಕಮ್ಮ ಎಂದು ಬರೆದು, ಸಹಿ ಹಾಕಿ ಕಳಿಸಿದ್ದೇನೆ.

ತೊಟ್ಟಿಯ ಹೊರಗಿನ ತಮ್ಮ ಸಹೋದ್ಯೋಗಿ ಹಾಗೂ ತಮ್ಮ ವಿಶ್ವಾಸಿ,
ಚುಕ್ಕಿಯ ಚಿಕ್ಕಮ್ಮ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಹಾಳೆ ಹಿಂದಕ್ಕೆ ಬಂತು. ಹೊಡೆದುಹಾಕಿದ ಹಾಳೆಗಳನ್ನು ಕಚೇರಿ ಸ್ವೀಕರಿಸುವುದಿಲ್ಲವಂತೆ; ಜೊತೆಗೆ ಹೊಸ ಹಾಳೆಯೊಂದನ್ನು ಕಳಿಸಿದ್ದಾರೆ. ಅದರಲ್ಲಿ ತಾಯಿಯ ಜಾಗವನ್ನು ಹಾಗೆಯೇ ಖಾಲಿ ಬಿಟ್ಟು, ಅದರ ಕೆಳಗೆ, ಅವರು ಗೆರೆ ಎಳೆಯದ ಕಡೆ, ನನ್ನ ಸಹಿ ಹಾಕಿದ್ದೇನೆ. ಇದನ್ನೂ ಹಿಂದಕ್ಕೆ ಕಳಿಸಿದರೆ ಮತ್ತೆ ಹೀಗೆಯೇ ಹಾಕಿ ಕಳಿಸುವೆ. ಅವರ ಬಳಿ ಹಾಳೆಗಳೆಷ್ಟಿವೆಯೋ ತಿಳಿಯದು. ನನ್ನ ಬಳಿ ಸಂಜೆಗಳು ಬೇಕಾದಷ್ಟಿವೆ.