ಆಚೆ ಕೂತವಳ ಸಾಕ್ಷಿ

ಪುಟ್ಟಮಾದಮ್ಮ ಮುಟ್ಟಾಗಿ ಕುರಿಕೊಟ್ಟಿಗೆಯಲ್ಲಿ ಕೂತ ಎರಡನೆಯ ದಿನ ಬೆಳಿಗ್ಗೆ, ಗಬ್ಬದ ಕುರಿಯೊಂದು ಅವಳ ಕಣ್ಣೆದುರೇ ಕಂದು ಹಾಕಿತು. ದಿನ ತುಂಬದ ಸತ್ತ ಮರಿ. ಕಿರುಗಾವಲಿನ ಆ ಬೀದಿಯಲ್ಲಿ ಒಂದೇ ತಿಂಗಳಿಗೆ ಇದು ನಾಲ್ಕನೆಯದು.

ಅತ್ತೆ ಮರಿತಾಯಮ್ಮ ಬಾಗಿಲಲ್ಲಿ ನಿಂತು ಮೊದಲು ಕುರಿಯನ್ನು, ಆಮೇಲೆ ಸೊಸೆಯನ್ನು ನೋಡಿದಳು.

"ಮುಟ್ಟಿದ್ಯಾ?"

"ಇಲ್ಲ ಕಣತ್ತೆ."

"ನೆಳ್ಳಾದ್ರೂ ಬಿದ್ದದೆ. ನಾಳಿದ್ದು ನೀರುಯ್ಕೊಂಡು ಮದ್ದೂರಿಗೆ ಇದ್ಲಲ್ಲಿ ಓಡೋ ಬಸ್ಸತ್ತು. ಕುರಿ ನೆಟ್ಗೆ ಈಯೋಗಂಟ ನಿಮ್ಮಪ್ಪನ ಮನೇಲಿರು."

ಕುರಿ ಮತ್ತೆ ಗಬ್ಬವಾಗಿ ಈಯಲು ಐದು ತಿಂಗಳು. ಪುಟ್ಟಮಾದಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಿಂಗಳಲ್ಲಿ ಈ ಮೂರು ದಿನವಷ್ಟೇ ಅವಳದು. ರಾಗಿ ಬೀಸುವಂತಿಲ್ಲ, ನೀರು ಹೊರುವಂತಿಲ್ಲ. ಗೋಣಿಯ ಮೇಲೆ ಒರಗಿ, ಕುರಿಗಳ ಜೊತೆ ತಾನೂ ಏನನ್ನೋ ಮೆಲುಕು ಹಾಕುತ್ತ ಮಲಗುವುದು. ಒಂದೊಂದು ತಿಂಗಳು ಎಣಿಕೆ ತಪ್ಪಿ ನಾಲ್ಕು ದಿನವಾಗುವುದೂ ಇತ್ತು. ತವರಿನ ಅತ್ತಿಗೆಯಾದರೋ ಬೆರಳು ಮಡಚಿ ದಿನ ಎಣಿಸುವವಳು, ಒಂದು ದಿನವೂ ಹೆಚ್ಚು ಬಿಡಳು.

ಅಷ್ಟರಲ್ಲಿ ಬೀದಿಯವರು ಹೇಳಿಕಳಿಸಿದ್ದ ದನದ ಡಾಕ್ಟರು ಮಳವಳ್ಳಿಯಿಂದ ಸೈಕಲ್ಲಿನಲ್ಲಿ ಬಂದರು. ಹಿಂದೆ ಇಡೀ ಬೀದಿ. ಅವತ್ತೇ ಮುಟ್ಟಾಗಿದ್ದ ಪಕ್ಕದ ಮನೆಯ ಸೊಸೆ ಸೋಮಮ್ಮ ತನ್ನ ಕೊಟ್ಟಿಗೆಯ ಗೋಡೆಯ ಮೇಲಿಂದ ಇಣುಕಿದಳು. ಡಾಕ್ಟರು ಕುರಿಯ ಬಾಯಿ ತೆರೆಸಿ ನೋಡಿದರು, ಮೇವು ಮೂಸಿದರು. ಏನೂ ಹೊಳೆಯಲಿಲ್ಲ.

"ಅಲ್ಲಿ ಕೂತವ್ಳಲ್ಲ ಸ್ವಾಮಿ, ಅದೇ ಕಾಯ್ಲೆ," ಎಂದಳು ಮರಿತಾಯಮ್ಮ.

ಪುಟ್ಟಮಾದಮ್ಮ ಎದ್ದು ನಿಂತಳು. "ಸ್ವಾಮಿ, ದೊಡ್ಡಸಿದ್ದಯ್ಯನ ಟಗರು ನೋಡಿ. ಬೀದಿ ಕುರಿಗೆಲ್ಲ ಅದೊಂದೇ ಗಂಡು. ಇಲ್ಲಿಗೆ ಬುಟ್ಟಾಗೆಲ್ಲ ನೋಡಿವ್ನಿ, ಕಾಲು ಅಗಲಿಸ್ಕೊಂಡು ನಡೀತದೆ."

"ಅದು ಪಟೇಲ್ರ ನಡಿಗೆ," ಎಂದ ಗುಂಪಿನಲ್ಲಿದ್ದ ದೊಡ್ಡಸಿದ್ದಯ್ಯ. "ನನ್ ಟಗರು ಯಾವತ್ತಾದ್ರೂ ಆಚೆ ಕೂತಿತ್ತಾ, ಯೋಳಮ್ಮ."

ಡಾಕ್ಟರು ಟಗರನ್ನು ತರಿಸಿ, ಹಿಡಿಸಿ, ಕೆಳಗೆ ಕೈಯಾಡಿಸಿದರು. ಟಗರು ನ್ಯಾಯ ಹೇಳಲು ಕೂತ ಹಿರಿಯನ ಹಾಗೆ ಆಕಾಶ ನೋಡುತ್ತಿತ್ತು.

"ಒಂದು ಬೀಜ ಗಂಟುಗಂಟಾಗಿ ಊದಿದೆ. ಕಣ್ಣಿಗೆ ಕಾಣದ ಕ್ರಿಮಿ ಸೇರಿದ ಹಾಗಿದೆ. ಕೂಡಿದ ಕುರಿಗೆಲ್ಲ ಅಂಟಿಸಿಕೊಂಡು ಬಂದಿದೆ. ಇದನ್ನ ಬೇರೆ ಕಟ್ಟಿ. ಸತ್ತ ಮರಿ, ಮಾಸು ಬರಿಗೈಲಿ ಮುಟ್ಟಬೇಡಿ. ಸುಣ್ಣ ಹಾಕಿ ಹೂಳಿ."

"ಅಂಗಾರೆ ಮುಟ್ಟಿನ ಮೈಲಿಗೆಯಿಂದ ಅಲ್ವಾ?" ಮರಿತಾಯಮ್ಮ ಕೇಳಿದಳು.

"ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ತಾಯಿ. ಅವರು ಮುಟ್ಟಿದರೆ ಕುರಿಗೂ ಏನೂ ಆಗಲ್ಲ, ಕಾಳಿಗೂ ಆಗಲ್ಲ, ನೀರಿಗೂ ಆಗಲ್ಲ."

ಮರಿತಾಯಮ್ಮ ಅದನ್ನು ಎರಡು ಸಲ ಹೇಳಿಸಿ ಕೇಳಿದಳು. ಡಾಕ್ಟರು ಹೊರಟರು. ಮದ್ದೂರು ತಪ್ಪಿತೆಂದು ಪುಟ್ಟಮಾದಮ್ಮ ಗೋಣಿ ಕೊಡವಿ ಹಾಸಿ, ನೆಮ್ಮದಿಯಾಗಿ ಒರಗಿದಳು.

"ಲೇ, ಎದ್ದೇಳು," ಎಂದಳು ಅತ್ತೆ. ದನಿಯಲ್ಲಿ ಕೋಪವೇ ಇರಲಿಲ್ಲ. "ರಾಗಿ ಬೀಸೋದದೆ."

"ಇನ್ನೂ ಒಂದಿನ ಅದೆ ಕಣತ್ತೆ."

"ಏನೂ ಆಗಲ್ಲ ಅಂದ್ರಲ್ಲ ಡಾಕ್ಟ್ರು. ಇಷ್ಟು ವರ್ಸ ನಿನ್ನ ಸುಮ್ಕೆ ಕೂರಿಸಿದ್ದೆ."

ಸಂಜೆ ಪುಟ್ಟಮಾದಮ್ಮ ಕೊಡ ಹೊತ್ತು ಬಾವಿಗೆ ಹೋದಾಗ ಸೋಮಮ್ಮ ಅಲ್ಲಿ ನೀರು ಸೇದುತ್ತಿದ್ದಳು. ಅವಳ ಬೆನ್ನಿಗೆ, ಮುಟ್ಟಿನ ದಿನ ಬಾವಿಯ ಹತ್ತಿರವೂ ಸುಳಿಯದಿದ್ದ ಇನ್ನಿಬ್ಬರು ಸೊಸೆಯರು. ಯಾರೂ ಪುಟ್ಟಮಾದಮ್ಮನಿಗೆ ಜಾಗ ಬಿಡಲಿಲ್ಲ.

"ನೀನೊಬ್ಳೇ ಮದ್ದೂರಿಗೆ ಓಗಿದ್ರೆ ಆಗ್ತಿತ್ತಲ್ಲಕ್ಕ," ಎಂದಳು ಸೋಮಮ್ಮ, ಹಗ್ಗ ಎಳೆಯುತ್ತ. "ನಮ್ಮನ್ನೆಲ್ಲ ಎಬ್ಬಿಸ್ಬುಟ್ಟೆ."